ಕೂಗಿದರೆ ಕೇಳಿಸುವಷ್ಟು ದೂರ

ಅವನು ಮಣಿಕಟ್ಟು ಹಿಡಿದ ರಭಸಕ್ಕೆ ನೆಡ್ರಾಳ ಕೈಯಲ್ಲಿದ್ದ ಹಿತ್ತಾಳೆ ಬಿಲ್ಲೆ ನೆಲಕ್ಕೆ ಬಿತ್ತು.

"ನಿನ್ನ ಬಿಲ್ಲೆ ನೀನೇ ಹಾಕ್ಬೇಕು. ಬೇರೆಯವರ ಕೈಗೆ ಕೊಡಬಾರದು. ಹೆತ್ತ ತಾಯಿ ಕೇಳಿದ್ರೂ ಕೊಡಬಾರದು."

ಸುತ್ತ ನಿಂತಿದ್ದ ಗಂಡಸರೆಲ್ಲ ತಿರುಗಿ ನೋಡಿದರು. ಗಣಿಯವರಿಗೆ ದೀಪ ಕೊಡುವ ಕೋಣೆಯ ಓಕಿ ತಾತ, ಬಿಲ್ಲೆ ತೆಗೆದುಕೊಳ್ಳಲು ಚಾಚಿದ್ದ ಕೈಯನ್ನು ಮೆಲ್ಲನೆ ಹಿಂದಕ್ಕೆಳೆದುಕೊಂಡ. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು ನೆಡ್ರಾಳಿಗೆ. ಪಾಪ, ಅದನ್ನು ಬೇರೆ ಬೇಡಿಕೊಳ್ಳಬೇಕಿತ್ತೇ! ಹತ್ತು ಮಾರು ಆಚೆಗೆ ಗುಡ್ಡದ ಬುಡದಲ್ಲಿ ಕಲ್ಲಿದ್ದಲ ಗಣಿ ಬಾಯಿ ತೆರೆದುಕೊಂಡು ಕಾಯುತ್ತಲೇ ಇತ್ತು.

'ಎಂಥ ಒರಟ ಇವನು... ಇವನ ಜೊತೆಗೇ ನಾನು ಕೆಲಸ ಮಾಡಬೇಕಾ?'

ಬಗ್ಗಿ ಬಿಲ್ಲೆ ಎತ್ತಿಕೊಂಡಳು. ಎಲ್ಲರ ಬಿಲ್ಲೆಗಳು ನೇತಾಡುತ್ತಿದ್ದ ಹಲಗೆಯ ಮೇಲೆ, ತನ್ನ ಹೆಸರಿನ ಮೊಳೆಗೆ ಅದನ್ನು ಸಿಕ್ಕಿಸಿದಳು.

"ಒಳಗೆ ಹೋಗುವಾಗ ಹಾಕು, ಹೊರಗೆ ಬಂದ ತಕ್ಷಣ ತೆಗಿ. ಏನಾದ್ರೂ ಆದ್ರೆ ನಾವು ಹುಡುಕೋದು ಈ ಹಲಗೆ ನೋಡಿಯೇ. ಇದು ಸುಳ್ಳು ಹೇಳಬಾರದು," ಎಂದ ಅವನು. ಅವನ ಹೆಸರು ಎಮೆಟ್ ಸ್ಟಿಡಮ್.

ಅದು ಸಾವಿರದ ಒಂಬೈನೂರ ಎಪ್ಪತ್ತೊಂಬತ್ತು, ವೆಸ್ಟ್ ವರ್ಜೀನಿಯಾದ ಗುಡ್ಡಗಾಡು. ಹೆಂಗಸರೇ ಒಟ್ಟಾಗಿ ದೂರು ಕೊಟ್ಟು, ಸರ್ಕಾರ ಗದರಿದ ಮೇಲೆ ಕಂಪನಿಗಳು ಒಲ್ಲದ ಮನಸ್ಸಿನಿಂದ ಅವರಿಗೂ ಗಣಿಯ ಬಾಗಿಲು ತೆರೆದಿದ್ದವು. ನೆಡ್ರಾಳ ಅಪ್ಪನ ಎದೆಯನ್ನು ಇದೇ ಕಲ್ಲಿದ್ದಲ ದೂಳು ತಿಂದುಹಾಕಿತ್ತು. ಅವನು ಕಿಟಕಿಯ ಪಕ್ಕ ಕೂತು ಉಸಿರಿಗಾಗಿ ಒದ್ದಾಡುತ್ತಿದ್ದ. ಇನ್ನು ಮನೆ ನಡೆಯಬೇಕಾದರೆ ಅವಳೇ ಇಳಿಯಬೇಕು.

ಆದರೆ ಹೆಣ್ಣು ಕಾಲಿಟ್ಟರೆ ಗಣಿ ಕುಸಿಯುತ್ತದೆ ಎಂಬುದು ಅಲ್ಲಿಯವರ ಮುತ್ತಾತನ ಕಾಲದ ನಂಬಿಕೆ. ಹಳೆಯ ಕೆಲಸಗಾರ ರೂಫಸ್ ಅದನ್ನು ಅವಳ ಮುಖದ ಮೇಲೇ ಹೇಳಿದ.

"ಕಾನೂನು ನಿನ್ನನ್ನ ಒಳಗೆ ಕಳಿಸ್ಬಹುದು ತಾಯಿ. ಆದ್ರೆ ಮೇಲಿರೋ ಕಲ್ಲಿಗೆ ಕಾನೂನು ಓದೋಕೆ ಬರಲ್ಲ."

ಎಲ್ಲರೂ ನಕ್ಕರು. ಎಮೆಟ್ ನಗಲಿಲ್ಲ. ಹಾಗೆಂದು ಅವಳ ಪರವಾಗಿ ಒಂದು ಮಾತನ್ನೂ ಆಡಲಿಲ್ಲ.

ಹೊಸಬರಿಗೆ ಮೊದಲ ಕೆಲವು ತಿಂಗಳು ಕೆಂಪು ಟೊಪ್ಪಿ. ಅದು ತಲೆಯ ಮೇಲಿರುವಷ್ಟು ಕಾಲ, ಅನುಭವಿಯೊಬ್ಬನ ಕಣ್ಣಿಗೆ ಕಾಣುವಷ್ಟು, ಅವನು ಕೂಗಿದರೆ ಕೇಳಿಸುವಷ್ಟು ದೂರದಲ್ಲೇ ಇರಬೇಕು. ನೆಡ್ರಾಳ ಪಾಲಿಗೆ ಬಂದ ಅನುಭವಿ ಎಮೆಟ್.

ಒಳಗಿನ ಕತ್ತಲೆ ರಾತ್ರಿಯ ಕತ್ತಲೆಯಂಥದ್ದಲ್ಲ. ದೀಪ ಆರಿಸಿದರೆ ಕಣ್ಣು ಇದೆಯೋ ಇಲ್ಲವೋ ಎಂಬುದೇ ತಿಳಿಯುವುದಿಲ್ಲ. ಸೊಂಟ ಬಗ್ಗಿಸಿಯೇ ನಡೆಯಬೇಕು, ಮಂಡಿಯೂರಿಯೇ ದೂಳು ಬಾಚಬೇಕು. ಮೊದಲ ವಾರವೆಲ್ಲ ಅವಳು ಜೀವವನ್ನು ಅಂಗೈಯಲ್ಲಿ ಹಿಡಿದುಕೊಂಡೇ ಕೆಲಸ ಮಾಡಿದಳು. ಸೂರಿನಿಂದ ಒಂದು ಹರಳು ಉದುರಿದರೂ ಎದೆ ಧಸಕ್ಕೆನ್ನುತ್ತಿತ್ತು.

ಆಗೆಲ್ಲ ಕತ್ತಲೆಯಾಚೆಯಿಂದ ಒಂದು ದನಿ ಬರುತ್ತಿತ್ತು.

"ಕೆಂಪು ಟೊಪ್ಪಿ..."

"ಇದ್ದೀನಿ," ಎನ್ನುತ್ತಿದ್ದಳು.

ಅಷ್ಟೇ ಮಾತು. ಸ್ವಲ್ಪ ಹೊತ್ತಿಗೆ ಮತ್ತೆ ಕೂಗು, ಮತ್ತೆ ಉತ್ತರ. ಮೊದಮೊದಲು ಅದು ಕಾವಲುಗಾರನ ಕೂಗಿನಂತೆ ಕೇಳಿ ಮೈ ಉರಿಯುತ್ತಿತ್ತು. ಆಮೇಲೆ ಯಾವಾಗಲೋ, ಅವಳಿಗೇ ಗೊತ್ತಾಗದಂತೆ, ಆ ಕೂಗಿಗೆ ಕಾಯತೊಡಗಿದಳು. ತುಸು ತಡವಾದರೆ ಕೆಲಸ ನಿಲ್ಲಿಸಿ ಕಿವಿಗೊಡುತ್ತಿದ್ದಳು. ಕೇಳಿಸಿದೊಡನೆ ಕೈಕಾಲಿಗೆ ಬಿಸಿ ರಕ್ತ ಮರಳುತ್ತಿತ್ತು.

ಊಟದ ಹೊತ್ತಿಗೆ ಅವನು ಡಬ್ಬಿಯಿಂದ ಜೋಳದ ರೊಟ್ಟಿ, ಬೇಯಿಸಿದ ಹುರುಳಿಕಾಯಿ ಬೀಜ ತೆಗೆದು ತಿನ್ನುತ್ತಿದ್ದ. ಸೇಬಿನ ಕೇಕಿನ ಒಂದು ತುಂಡನ್ನು ಮಾತ್ರ ಹಾಗೆಯೇ ಮುಚ್ಚಿಡುತ್ತಿದ್ದ. ಒಳಗೆ ಸಿಕ್ಕಿಹಾಕಿಕೊಂಡರೆ ಇರಲಿ ಎಂದು ಗಣಿಯವರೆಲ್ಲ ಏನಾದರೊಂದನ್ನು ಉಳಿಸುವುದು ವಾಡಿಕೆ. ಸುರಕ್ಷಿತವಾಗಿ ಹೊರಗೆ ಬಂದ ಮೇಲೆ ಆ ತುಂಡನ್ನು ಮುರಿದು ಅರ್ಧ ಅವಳಿಗೆ ಕೊಡುತ್ತಿದ್ದ. ಕೊಡುವಾಗ ಮುಖ ಮಾತ್ರ ಬೇರೆ ಕಡೆಗೆ.

'ಈ ಮನುಷ್ಯನ ಮನಸ್ಸಿನಲ್ಲಿ ಏನಿದೆ? ಏನೂ ಇಲ್ಲವೋ, ಅಥವಾ...'

ಆ 'ಅಥವಾ'ದ ಮುಂದೆ ಯೋಚಿಸಲು ಅವಳಿಗೆ ಗಣಿಗಿಂತ ಹೆಚ್ಚು ಭಯವಾಗುತ್ತಿತ್ತು.

ಒಂದು ಬೆಳಿಗ್ಗೆ ಬಿಲ್ಲೆ ಹಾಕಿ ತಿರುಗುತ್ತಿದ್ದಂತೆ ಮೇಸ್ತ್ರಿ ಹಾಬರ್ಟ್ ಅವಳನ್ನು ತಡೆದ. ಇವತ್ತಿನಿಂದ ನೀನು ರೂಫಸ್ ಜೊತೆ ಬಲಗಡೆಯ ಸುರಂಗಕ್ಕೆ ಹೋಗು ಎಂದ. ಯಾಕೆ ಎಂದು ಕೇಳಿದರೆ, ಎಮೆಟ್ಟೇ ಬಂದು ನೀನು ಬೇಡ ಎಂದು ಹೇಳಿದ್ದಾನೆ ಎಂದ. ಹಿಂದೆ ನಿಂತವರಲ್ಲಿ ಯಾರೋ ಸಿಳ್ಳೆ ಹಾಕಿದರು.

ಅವಳು ನೇರವಾಗಿ ಎಮೆಟ್ ಇದ್ದಲ್ಲಿಗೆ ನಡೆದಳು.

"ನೀವು ಹೇಳಿದ್ದು ನಿಜಾನಾ?"

ಅವನು ತನ್ನ ಬೂಟುಗಳನ್ನೇ ನೋಡಿದ. "ನಿಜ."

"ನನ್ನ ಕೆಲಸದಲ್ಲಿ ಏನು ತಪ್ಪಿತ್ತು?"

"ತಪ್ಪೇನಿಲ್ಲ."

"ಹಾಗಾದ್ರೆ ಹೆಂಗಸು ಅನ್ನೋದೇ ತಪ್ಪು."

ಅವನು ಟೊಪ್ಪಿಯ ದೀಪ ಹೊತ್ತಿಸಿಕೊಂಡ. ಟ್ರಾಲಿ ಹತ್ತಿ ಕತ್ತಲೆಯೊಳಗೆ ಹೋಗಿಬಿಟ್ಟ. ಒಂದು ಸಲವೂ ತಿರುಗಿ ನೋಡಲಿಲ್ಲ.

ಅವಳ ಕಣ್ಣು ತುಂಬಿಬಂತು. ರೂಫಸ್ ಕಡೆ ಹೋಗಲಿಲ್ಲ, ಮೇಸ್ತ್ರಿಗೆ ಹೇಳಲೂ ಇಲ್ಲ. ದೀಪ ಬಿಚ್ಚಿ ಬೆಂಚಿನ ಮೇಲಿಟ್ಟವಳೇ ಊರಿನ ದಾರಿ ಹಿಡಿದಳು. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದು ಎನ್ನುತ್ತಾರೆ. ಆ ಕ್ಷಣದಲ್ಲಿ ಅವಳು ಕೊಯ್ದದ್ದು ಏನನ್ನು ಎಂಬುದು ಅವಳಿಗೇ ಗೊತ್ತಿರಲಿಲ್ಲ.

ಮನೆಗೆ ಹೋಗಿ ಅಪ್ಪನಿಗೆ ಮುಖ ತೋರಿಸುವ ಧೈರ್ಯವಿರಲಿಲ್ಲ. ಹೊಳೆಯ ಸೇತುವೆಯ ಮೇಲೆ ಕೂತು ಅತ್ತಳು. ಹೊತ್ತು ನೆತ್ತಿಗೆ ಬಂದು, ವಾಲಿತು.

ಆಗ ಗಣಿಯ ಸೈರನ್ ಕೂಗಿತು.

ಪಾಳಿ ಮುಗಿಯುವ ಹೊತ್ತಲ್ಲ ಅದು. ಅಕ್ಕಪಕ್ಕದ ಮನೆಗಳಿಂದ ಹೆಂಗಸರು ಹಿಟ್ಟಿನ ಕೈಯಲ್ಲೇ ಓಡಿಬಂದರು. ಯಾರೂ ಏನೂ ಕೇಳಲಿಲ್ಲ. ಆ ಊರಲ್ಲಿ ಹೊತ್ತಲ್ಲದ ಹೊತ್ತಿನ ಸೈರನ್ನಿಗೆ ಅರ್ಥ ಒಂದೇ.

'ಎಮೆಟ್...'

ಓಡುತ್ತಾ ಓಡುತ್ತಾ ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿದಳು. ಜೇಬು ಖಾಲಿ.

ಕಾಲು ಅಲ್ಲೇ ನಿಂತಿತು. ಬಿಲ್ಲೆ ಎಲ್ಲಿ? ಬೆಳಿಗ್ಗೆ ಹಾಕಿದ್ದೆ... ತೆಗೆಯಲೇ ಇಲ್ಲ!

ಗಣಿಯ ಮುಂದೆ ಮಸಿಮುಖದ ಗಂಡಸರು ಗುಂಪುಗೂಡಿದ್ದರು. ಅವಳನ್ನು ಕಂಡು ಓಕಿ ತಾತ ದೆವ್ವ ಕಂಡವನಂತೆ ಹಿಂದೆ ಸರಿದ.

"ನೀನು... ನೀನು ಹೊರಗಿದ್ದೀಯಾ?"

ಅವಳು ಹಲಗೆ ನೋಡಿದಳು. ಎಲ್ಲ ಮೊಳೆಗಳೂ ಬರಿದಾಗಿದ್ದವು, ಎರಡರ ಹೊರತು. ಒಂದು ಅವಳದು. ಇನ್ನೊಂದು ಎಮೆಟ್‌ನದು.

ಎಮೆಟ್‌ನ ಪಾಲಿನ ಎಡಗಡೆಯ ಸುರಂಗದಲ್ಲಿ ಸೂರು ಕುಸಿದಿತ್ತು. ಎಮೆಟ್ ತನ್ನವರನ್ನೆಲ್ಲ ಹೊರಡಿಸಿಕೊಂಡು ತಾನೂ ಹೊರಗೆ ಬಂದಿದ್ದನಂತೆ. ಬಿಲ್ಲೆ ತೆಗೆಯಲು ಬಂದವನು ಅವಳ ಬಿಲ್ಲೆ ನೋಡಿದ. ರೂಫಸ್‌ನನ್ನು ಕೇಳಿದ. ಅವಳು ನನ್ನ ಹತ್ತಿರ ಬರಲೇ ಇಲ್ಲ ಎಂದ ರೂಫಸ್. ಹಾಗಾದರೆ ಜಗಳವಾಡಲು ನನ್ನ ಹಿಂದೆಯೇ ಎಡಗಡೆಗೆ ಬಂದಿದ್ದಾಳೆ ಎಂದವನೇ, ಮೇಸ್ತ್ರಿಯ ಕೈ ಕೊಡವಿ ಒಳಗೆ ಓಡಿದನಂತೆ.

"ಒಂದು ವಾರದಿಂದ ಅಲ್ಲಿ ಸೂರು ಮಾತಾಡ್ತಿತ್ತು ಮಗಳೇ, ಲಟಲಟ ಅಂತ ಬಿರುಕು ಬಿಡ್ತಿತ್ತು," ಎಂದ ಓಕಿ ತಾತ. "ಕೆಲಸ ನಿಲ್ಲಿಸಿ ಅಂತ ಎಮೆಟ್ ದಿನಾ ಮೇಸ್ತ್ರಿ ಹತ್ರ ಬೇಡ್ಕೊಂಡ. ಅವನು ಕೇಳ್ಲಿಲ್ಲ. ನಿನ್ನನ್ನಾದ್ರೂ ಬೇರೆ ಕಡೆ ಹಾಕಿ ಅಂದ. ಟೊಪ್ಪಿ ಕೆಂಪಗಿರೋವರೆಗೂ ಅವನು ಹೋದಲ್ಲಿಗೆ ನೀನೂ ಹೋಗ್ಬೇಕಲ್ಲ."

"ನನಗೆ ಯಾಕೆ ಹೇಳ್ಲಿಲ್ಲ ತಾತ?"

"ಹೇಳಿದ್ರೆ ನೀನು ಅವನನ್ನ ಬಿಟ್ಟು ಹೋಗ್ತಿದ್ದೆಯಾ?"

ನೆಡ್ರಾ ಮತ್ತೆ ಹಲಗೆಯ ಕಡೆ ತಿರುಗಿದಳು. ಕೊಂದವಳು ನಾನೇ... ಹಲಗೆ ಸುಳ್ಳು ಹೇಳುವಂತೆ ಮಾಡಿದವಳು ನಾನೇ!

ಒಳಗಿನ ಫೋನಿನ ತಂತಿ ಕುಸಿತದಲ್ಲಿ ಕಡಿದುಹೋಗಿತ್ತು. ರಕ್ಷಣೆಯ ತಂಡ ಗುಡ್ಡದಾಚೆಯಿಂದ ಬರಬೇಕು, ಅಲ್ಲಿಯವರೆಗೆ ಯಾರೂ ಹೋಗುವಂತಿಲ್ಲ ಎಂದ ಹಾಬರ್ಟ್. ಅವನ ಮುಖವೂ ಬೂದಿಯಾಗಿತ್ತು.

"ಅಲ್ಲಿಯವರೆಗೆ ಎಮೆಟ್ ಹುಡುಕ್ತಾನೇ ಇರ್ತಾರೆ," ಎಂದಳು ನೆಡ್ರಾ. "ನಾನು ಸಿಗೋವರೆಗೂ ಒಳಗೊಳಗೇ ಹೋಗ್ತಾರೆ. ನಾನು ಹೊರಗಿದ್ದೀನಿ ಅಂತ ಅವರಿಗೆ ಗೊತ್ತಾಗ್ಬೇಕು. ನನ್ನ ದನಿ ಕೇಳ್ದೆ ಅವರು ಬರಲ್ಲ."

"ಕೆಂಪು ಟೊಪ್ಪಿ ಒಬ್ಬಳನ್ನೇ ಬಿಡೋಕಾಗಲ್ಲ."

ಆಗ ಗುಂಪಿನಿಂದ ಒಬ್ಬ ಕಬ್ಬಿಣದ ಸಲಾಕೆ ಹಿಡಿದು ಮುಂದೆ ಬಂದ. ರೂಫಸ್.

"ಒಬ್ಬಳೇ ಯಾಕೆ? ಕೂಗಿದ್ರೆ ಕೇಳಿಸೋಷ್ಟು ದೂರದಲ್ಲಿ ನಾನಿರ್ತೀನಿ. ನಡಿ."

ಅವಳು ಬೆಂಚಿನ ಮೇಲಿದ್ದ ದೀಪ ಕಟ್ಟಿಕೊಂಡಳು. ಮೇಸ್ತ್ರಿ ಅಡ್ಡ ನಿಲ್ಲಲಿಲ್ಲ.

ಒಳಗೆ ದೂಳು ಗೋಡೆಯಂತೆ ನಿಂತಿತ್ತು. ದೀಪದ ಬೆಳಕು ಮಾರು ದೂರವೂ ಹೋಗುತ್ತಿರಲಿಲ್ಲ. ರೂಫಸ್ ಸಲಾಕೆಯಿಂದ ಸೂರು ತಟ್ಟುತ್ತಾ ಸಾಗಿದ. 'ಟಣ್' ಎಂದರೆ ಗಟ್ಟಿ, ಮುಂದೆ ಹೆಜ್ಜೆ. ಎಲ್ಲೋ ಆಳದಲ್ಲಿ ಮರದ ಆಸರೆಯೊಂದು ಲಟಕ್ಕೆಂದು ಮುರಿಯಿತು. ಅವಳಿಗೆ ಹಿಂದಕ್ಕೆ ಓಡಿಬಿಡಬೇಕೆನಿಸಿತು. ನಿಜ ಹೇಳಬೇಕೆಂದರೆ ಎರಡು ಹೆಜ್ಜೆ ಹಿಂದಕ್ಕೆ ಇಟ್ಟೂಬಿಟ್ಟಳು. ಆಮೇಲೆ ಅಳುತ್ತಲೇ ಮುಂದೆ ನಡೆದಳು.

ಸಲಾಕೆ 'ಡಬ್' ಎಂದಿತು. ಪೊಳ್ಳು.

"ಇನ್ನು ಮುಂದಕ್ಕಿಲ್ಲ," ಎಂದ ರೂಫಸ್. "ಇಲ್ಲಿಂದಲೇ ಕೂಗು."

ಕೂಗಲು ಬಾಯಿ ತೆರೆದಳು. ದನಿಯೇ ಬರಲಿಲ್ಲ. ನಾಲಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು.

'ದೇವರೇ... ಇಷ್ಟು ದಿನ ಒಂದೇ ಒಂದು ಮಾತು ಹೇಳುತ್ತಿದ್ದೆ, ಈಗ ಅದೂ ಬರುತ್ತಿಲ್ಲವಲ್ಲ!'

ಆಗ ಬಹಳ ದೂರದಿಂದ, ಮಣ್ಣಿನೊಳಗಿಂದ ಬಂದಂತೆ, ಒಂದು ದನಿ.

"ಕೆಂಪು ಟೊಪ್ಪಿ..."

ಒಡೆದ ದನಿ. ಅದೆಷ್ಟು ಹೊತ್ತಿನಿಂದ ಆ ಕತ್ತಲೆಯನ್ನು ಕೂಗಿ ಕೇಳುತ್ತಿದ್ದನೋ.

"ಇದ್ದೀನಿ!" ಎಂದು ಚೀರಿದಳು ನೆಡ್ರಾ. "ಎಮೆಟ್, ಇದ್ದೀನಿ! ನಾನು ಈ ಕಡೆ ಇದ್ದೀನಿ, ಬಾ!"

ನಿಶ್ಶಬ್ದ. ಕಲ್ಲುಗಳು ಉರುಳಿದ ಸದ್ದು. ಮತ್ತೆ ನಿಶ್ಶಬ್ದ. ಅವಳು ಕೂಗುತ್ತಲೇ ಇದ್ದಳು, ಇದ್ದೀನಿ, ಇದ್ದೀನಿ ಎಂದು, ಗಂಟಲು ಹರಿಯುವವರೆಗೆ. ಕೊನೆಗೆ ದೂಳಿನಲ್ಲಿ ಮಸುಕಾದ ಹಳದಿ ಚುಕ್ಕೆಯೊಂದು ಕಂಡಿತು. ಅದು ತೆವಳುತ್ತಾ, ನಿಲ್ಲುತ್ತಾ, ಮತ್ತೆ ತೆವಳುತ್ತಾ ಹತ್ತಿರವಾಯಿತು.

ರೂಫಸ್ ಅವನ ತೋಳಿನಡಿ ಕೈಹಾಕಿ ಎಳೆದುಕೊಂಡ. ಮೂವರೂ ಹೊರಗಿನ ಬೆಳಕಿಗೆ ಬಂದರು. ಅವರ ಬೆನ್ನ ಹಿಂದೆ ಗಣಿ ಮತ್ತೊಮ್ಮೆ ಗುಡುಗಿತು, ಬಾಯಿಂದ ಕರಿದೂಳು ಉಗುಳಿತು.

ಎಮೆಟ್‌ನ ಬಲಗೈ ಮುರಿದು ಜೋತಾಡುತ್ತಿತ್ತು. ಆದರೂ ಅವನು ಕೂರಲಿಲ್ಲ. ತೂರಾಡುತ್ತಾ ಹಲಗೆಯ ಮುಂದೆ ಹೋಗಿ ನಿಂತ.

"ನಿನ್ನದು ತೆಗಿ," ಎಂದ.

ಅವಳು ತನ್ನ ಬಿಲ್ಲೆ ತೆಗೆದಳು. ಅಷ್ಟಾದ ಮೇಲೆ ಅವಳ ದುಃಖದ ಕಟ್ಟೆಯೊಡೆಯಿತು.

"ನನ್ನಿಂದ ತಪ್ಪಾಯ್ತು... ಸಿಟ್ಟಲ್ಲಿ ಹಾಗೇ ಹೊರಟುಹೋದೆ. ನಿನ್ನನ್ನ ನಾನೇ..."

"ನಾನೂ ಹೇಳ್ಬೇಕಿತ್ತು. ಹೇಳೋಕೆ ಹೆದರಿಕೆ ಆಯ್ತು."

"ಯಾವುದಕ್ಕೆ ಹೆದರಿಕೆ?"

"ಯಾಕೆ ಇಷ್ಟೊಂದು ಕಾಳಜಿ ಅಂತ ನೀನು ಕೇಳಿಬಿಟ್ರೆ?" ಅವನು ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. "ಆ ಸೂರಿನ ಕೆಳಗೆ ಕೂತು ಕೂಗೋವಾಗೆಲ್ಲ, ನೀನು ಉತ್ತರ ಕೊಡೋವರೆಗೂ ನನ್ನ ಉಸಿರು ನಿಂತಿರ್ತಿತ್ತು ನೆಡ್ರಾ. ಸಾಯೋಕೆ ಭಯ ಇರ್ಲಿಲ್ಲ ನಂಗೆ. ನೀನು ಬಂದ್ಮೇಲೆ ಶುರುವಾಯ್ತು."

ಅವಳು ಕಣ್ಣೊರೆಸಿಕೊಂಡಳು. ಕೆನ್ನೆಯ ಮೇಲೆ ಮಸಿ ಇನ್ನಷ್ಟು ಹರಡಿತು.

"ಕೇಳು ಎಮೆಟ್. ಇನ್ನೊಂದು ಸಲ ಸೂರು ಮಾತಾಡಿದ್ರೆ ಮೊದಲು ನನಗೆ ಹೇಳ್ಬೇಕು. ಬರೋದು ಬಿಡೋದು ನಾನು ನೋಡ್ಕೋತೀನಿ. ನನಗೆ ಬದಲಾಗಿ ನೀನು ತೀರ್ಮಾನ ಮಾಡ್ಬಾರ್ದು."

"ಹೇಳ್ತೀನಿ. ಆಣೆಗೂ ಹೇಳ್ತೀನಿ."

ಅವನ ಬಿಲ್ಲೆ ಇನ್ನೂ ಮೊಳೆಯಲ್ಲೇ ಇತ್ತು. ಬಲಗೈ ಮೇಲೇಳಲಿಲ್ಲ. ಎಡಗೈ ಎತ್ತಬಹುದಿತ್ತು, ಎತ್ತಲಿಲ್ಲ.

"ನನ್ನದೂ ನೀನೇ ತೆಗಿ," ಎಂದ ಮೆಲ್ಲನೆ.

ಓಕಿ ತಾತ ಕೆಮ್ಮಿದ. ರೂಫಸ್ ಆಕಾಶ ನೋಡಿದ. ಹೆತ್ತ ತಾಯಿಗೂ ಕೊಡಬಾರದ ಬಿಲ್ಲೆಯನ್ನು ನೆಡ್ರಾ ಮೊಳೆಯಿಂದ ಬಿಡಿಸಿದಳು, ಅವನ ಎಡ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಚಿದಳು. ತನ್ನ ಕೈಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ದೂರದಲ್ಲಿ ಆಂಬುಲೆನ್ಸ್ ಗುಡ್ಡ ಹತ್ತುವ ಸದ್ದು ಕೇಳಿಸಿತು. ಅವನು ನೋವಿಗೆ ಕಣ್ಣು ಮುಚ್ಚಿದ.

"ಎಮೆಟ್..." ಎಂದು ಕೂಗಿದಳು.

ಅವನು ಕಣ್ಣು ತೆರೆಯದೆಯೇ ನಕ್ಕ.

"ಇದ್ದೀನಿ."