ಮೂರನೆಯ ಬಗೆಯ ಗಾಳಿ

ಜಯಮೇರಿ ಬಿಸಿನೀರಿನ ಬಟ್ಟಲನ್ನು ಕೆಳಗಿಟ್ಟು, ಮಂಚದ ಕಾಲಿಗೆ ತೂಗುಹಾಕಿದ್ದ ಚೀಟಿಯಲ್ಲಿನ ಹೆಸರನ್ನು ಮತ್ತೊಮ್ಮೆ ಓದಿದಳು.

ಇರುದಯರಾಜ್.

ಕ್ಷಯಕ್ಕೆ ಮಾತ್ರೆಯಿಲ್ಲದ ಕಾಲ ಅದು. ಮೈಸೂರಿನ ಹೊರಗಿದ್ದ ಆ ಆಸ್ಪತ್ರೆಗೆ ಅವಳು ನರ್ಸ್ ಕೆಲಸ ಕಲಿಯಲು ಸೇರಿ ಎಂಟು ತಿಂಗಳಾಗಿತ್ತು. ಸೇರುವ ಹಾಗೆ ಮಾಡಿದವನೇ ಇವನು. ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವನು, ಅವಳ ಬೆರಳಿಗೆ ಉಂಗುರ ತೊಡಿಸಿದವನು. ಮದುವೆಗೆ ಹದಿನೈದು ದಿನವಿರುವಾಗ ಅವನ ತಾಯಿ ಆರೋಗ್ಯಮ್ಮ ಬಂದು, "ಹುಡುಗನ ಎದೆಗೆ ಗಾಳಿ ಸೇರ್ಕೊಂಬುಟ್ಟದೆ ಕಣಮ್ಮ, ಮದ್ವೆ ಬ್ಯಾಡ" ಎಂದು ಉಂಗುರ ಬಿಚ್ಚಿಸಿಕೊಂಡು ಹೋಗಿದ್ದರು.

ಗಾಳಿ ಎಂದರೆ ಕೇರಿಯವರಿಗೆ ಒಂದೇ ಅರ್ಥ, ಪೀಡೆ. ಉಂಗುರ ತೊಡಿಸಿದ ಮೇಲೆ ಸೇರಿದ್ದರಿಂದ ಅದು ಹುಡುಗಿಯ ಜೊತೆಗೇ ಬಂದದ್ದು ಎಂದರು. ನಲ್ಲಿಯ ಬಳಿ ಹೆಂಗಸರು ಸೆರಗು ಎಳೆದುಕೊಂಡು ದೂರ ಸರಿದರು. ಮತ್ತೊಂದು ಗಂಡು ಅವಳ ಮನೆಯ ಹೊಸಿಲು ತುಳಿಯಲಿಲ್ಲ; ಅವಳು ಈ ಕೆಲಸಕ್ಕೆ ಬಂದಳು.

ಈಗ ಅವನು ದಿಂಬಿಗೊರಗಿ ಕೂತಿದ್ದ. ಬರೀ ಮೂಳೆ... ಕಣ್ಣು ಮಾತ್ರ ಅವೇ. ಅವಳನ್ನು ಕಂಡು ಮುಖವನ್ನು ಗೋಡೆಗೆ ತಿರುಗಿಸಿದ.

'ನನ್ನ ಕಂಡರೆ ಅಷ್ಟೊಂದು ಭಯವೇ?' ಎಂದುಕೊಂಡಳು ಅವಳು.

ಅಷ್ಟರಲ್ಲಿ ಡಾಕ್ಟರ್ ಸದಾಶಿವಯ್ಯ ಸೂಜಿ, ಸೀಸೆ, ರಬ್ಬರ್ ಕೊಳವೆಗಳೊಡನೆ ಬಂದರು. ಮಂಚದ ಬಳಿಯೇ ಪಾಠ ಹೇಳುವುದು ಅವರ ರೂಢಿ. ಗಾಳಿ ಶ್ವಾಸಕೋಶದ ಒಳಗಿದ್ದರೆ ಉಸಿರು. ಅದರ ಹೊರಗೆ, ಎದೆಗೂಡಿನಲ್ಲಿ ಸೇರಿಕೊಂಡರೆ ಶ್ವಾಸಕೋಶವನ್ನೇ ಒತ್ತಿ ಕುಗ್ಗಿಸುತ್ತದೆ ಎಂದರು. ಶ್ವಾಸಕೋಶ ತಾನೇ ತೂತಾಗಿ ಸೋರಿದ್ದು ಒಂದು ಬಗೆ. ಇರಿತಕ್ಕೋ ಪೆಟ್ಟಿಗೋ ನುಗ್ಗಿದ್ದು ಇನ್ನೊಂದು. ಮೂರನೆಯದು, ಹುಣ್ಣಾದ ಶ್ವಾಸಕೋಶಕ್ಕೆ ವಿಶ್ರಾಂತಿ ಸಿಗಲೆಂದು ವೈದ್ಯರೇ ಸೂಜಿಯಿಂದ ತುಂಬುವುದು.

"ಇವರಿಗೆ ಹೋದ ವರ್ಷ ಮೊದಲನೇದಾಗಿತ್ತು. ಕ್ಷಯ ಅಂತ ಗೊತ್ತಾಗಿದ್ದೇ ಆಗ. ಇವತ್ತಿಂದ ಮೂರನೇದು."

ಹೋದ ವರ್ಷ... ಎದೆಗೆ ಗಾಳಿ... ಹಾಗಾದರೆ ಆರೋಗ್ಯಮ್ಮ ಹೇಳಿದ್ದು ಪೀಡೆಯನ್ನಲ್ಲ, ಇದನ್ನೇ.

ಸೂಜಿ ಹಾಕಿ ಎಲ್ಲರೂ ಹೋದ ಮೇಲೆ ಕೇಳಿದಳು.

"ಯಾವ ಗಾಳಿ ಅಂತ ಹೇಳಿ ಕಳಿಸಬಾರದಿತ್ತೇನ್ರೀ?"

ಅವನು ತಡೆತಡೆದು ಹೇಳಿದ. ಮನೆಯಲ್ಲಿ ಮದುವೆಯಾಗದ ಇಬ್ಬರು ತಂಗಿಯರು. ಕ್ಷಯವೆಂದರೆ ಅವರನ್ನು ಯಾರು ಕೇಳುತ್ತಾರೆ? ಡಾಕ್ಟರ ಮಾತಿನಲ್ಲಿ ಗಾಳಿ ಎಂಬುದೊಂದನ್ನೇ ಅಮ್ಮ ಎತ್ತಿಕೊಂಡರು. ಸುಳ್ಳಲ್ಲವಲ್ಲ ಎಂದು ತಾನೂ ಸುಮ್ಮನಿದ್ದ. ಅಪವಾದ ಅವಳ ತಲೆಗೆ ಬಂತೆಂದು ತಿಳಿದ ಮೇಲೆ ಮೂರು ಕಾಗದ ಬರೆದು ಹರಿದಿದ್ದ.

"ನಾಚಿಕೆ ಆಯ್ತು ಮೇರಿ. ಅದಕ್ಕೇ ಮುಖ ತಿರುಗಿಸಿದ್ದು."

ಅವನ ಮುಷ್ಟಿಯಲ್ಲಿ ಜಪಮಾಲೆಯಿತ್ತು. ಅದಕ್ಕೆ ದಾರದಿಂದ ಕಟ್ಟಿದ್ದ ಉಂಗುರ ಅವಳದೇ.

"ವಾರ ವಾರ ಸೂಜಿಯಂತೆ, ಎರಡು ವರ್ಷ. ಆಮೇಲೂ ಉಳೀತೀನೋ ಇಲ್ವೋ... ನೀನು ಹತ್ತಿರ ಬರಬೇಡ."

ಉಳಿಯುತ್ತೀರಿ ಎಂದು ಅವಳು ಹೇಳಲಿಲ್ಲ. ಎಂಟು ತಿಂಗಳಲ್ಲಿ ಖಾಲಿಯಾದ ಮಂಚಗಳನ್ನು ಕಂಡವಳು. ಚೀಟಿಯಲ್ಲಿ 'ಗಾಳಿ, ಮೂರನೆಯ ಬಗೆ' ಎಂದು ಬರೆದಳು. ಆಮೇಲೆ ಸ್ಟೂಲನ್ನು ಕಿಟಕಿಯ ಪಕ್ಕಕ್ಕೆ ಎಳೆದು ಕೂತಳು.

"ಅಲ್ಯಾಕೆ?"

"ಇಲ್ಲಿಂದ ಗಾಳಿ ನಿಮ್ಮ ಕಡೆಗೆ ಬೀಸ್ತದೆ. ನನಗೇನೂ ಆಗಲ್ಲ."

"ಎಷ್ಟು ದಿನ ಹಿಂಗೆ ಕೂರ್ತೀಯ?"

"ನಾನೇ ನಿಮ್ಮ ಗಾಳಿ ಅಂತ ಕೇರಿಯೆಲ್ಲ ಹೇಳ್ತಲ್ಲ," ಎಂದಳು ಅವಳು. "ಸೇರ್ಕೊಂಡ ಮೇಲೆ ಸುಲಭಕ್ಕೆ ಬಿಟ್ಟು ಹೋಗ್ತದಾ?"