ಉಸಿರು ಹಿಡಿದು ದಾಟಿಸಿದ ಲೋಟ

"ನಿಲ್ಲಿ! ಅದೇನು ಮಾಡಿದ್ರಿ ನೀವು?"

ಕೊರಿನ್ನಾಳ ದನಿಗೆ ಡಾಂಬಾಖ್ ಮನೆಯ ಅಂಗಳವೇ ಗಪ್‌ಚಿಪ್ಪಾಯಿತು. ಆಕ್ರೋಡು ಮರದ ಕೆಳಗೆ ಉದ್ದದ ಬೆಂಚುಗಳ ಮೇಲೆ ಕೂತಿದ್ದ ಊರವರೆಲ್ಲ, ಬಾಯಿಯವರೆಗೆ ಬಂದಿದ್ದ ಲಿವರ್ ಉಂಡೆಯನ್ನು ತಟ್ಟೆಗಿಳಿಸಿ ತಿರುಗಿ ನೋಡಿದರು.

ಬೆಂಚಿನ ತುದಿಯಲ್ಲಿ ಕೂತಿದ್ದ ಆ ಎತ್ತರದ ಅಪರಿಚಿತ ಕೈಗೆ ಬಂದ ಲೋಟವನ್ನು ಪಕ್ಕದವಳಿಗೆ ದಾಟಿಸಿಬಿಟ್ಟಿದ್ದ. ಕುಡಿಯದೆ! ಒಂದೇ ಒಂದು ಗುಟುಕೂ ಕುಡಿಯದೆ!

ಅಷ್ಟೇ ಆಗಿದ್ದರೆ ಕೊರಿನ್ನಾ ಹಲ್ಲು ಕಚ್ಚಿ ಸುಮ್ಮನಾಗುತ್ತಿದ್ದಳೋ ಏನೋ. ಆದರೆ ಅವನು ಮುಖ ಅತ್ತ ತಿರುಗಿಸಿ, ಉಸಿರು ಬಿಗಿಹಿಡಿದಿದ್ದ. ಚರಂಡಿ ದಾಟುವವರ ಹಾಗೆ!

ವೈನಿಗೆ ಹೆಸರಾದ ಫಾಲ್ಟ್ಸ್ ಸೀಮೆಯ ನಮ್ಮ ಊರುಗಳಲ್ಲಿ ಬೆಂಚಿಗೆ ಒಂದೇ ಲೋಟ. ಅರ್ಧ ಲೀಟರಿನದು, ಕೈ ಜಾರದಿರಲೆಂದು ಮೈತುಂಬ ಗುಳಿಗಳಿರುವಂಥದ್ದು. ಬೆಂಚಿನವರೆಲ್ಲ ಒಬ್ಬರಾದ ಮೇಲೊಬ್ಬರು ಅದರಿಂದಲೇ ಕುಡಿಯಬೇಕು. ಕೊನೆಯ ಗುಟುಕು ಯಾರು ಕುಡಿದರೋ ಮುಂದಿನ ಲೋಟ ತುಂಬಿಸುವ ಹೊಣೆ ಅವರದು. ಒಮ್ಮೆ ಹಂಚಿ ಕುಡಿದ ಮೇಲೆ 'ನೀವು' ಗೀವು ಎಲ್ಲ ಬಂದ್, ಬರೀ 'ನೀನು'. ಕುಡಿಯದೆ ದಾಟಿಸುವವರನ್ನು ಮಾತ್ರ ನಾವು ಕಂಡಿರಲಿಲ್ಲ.

ಅದೂ ಇವತ್ತು... ಈ ವೈನನ್ನು!

ಸ್ವಲ್ಪ ಹೊತ್ತಿನ ಮುಂಚೆಯಷ್ಟೇ ಕೊರಿನ್ನಾ ಬೆಂಚು ಹತ್ತಿ ನಿಂತು ಹೇಳಿದ್ದಳು: "ಇದು ನಾನೇ ಮಾಡಿದ ಮೊದಲ ರೀಸ್ಲಿಂಗ್ ವೈನ್. ಯೀಸ್ಟ್ ಹಾಕಿಲ್ಲ, ತಾನಾಗೇ ಹುಳಿಯೋಕೆ ಬಿಟ್ಟಿದ್ದೆ. ವೈನ್ ತಪಾಸಣೆಯವರು ಒಂದು ಸಲ 'ವಾಸನೆ ಸರಿಯಿಲ್ಲ' ಅಂತ ತಳ್ಳಿಹಾಕಿದ್ದಾರೆ. ಮುಂದಿನ ತಿಂಗಳು ಮತ್ತೆ ಕಳಿಸ್ತೀನಿ. ನೀವೇ ಕುಡಿದು ಹೇಳಿ!"

ಎಲ್ಲರೂ ಕುಡಿದರು, ಚಪ್ಪಾಳೆ ತಟ್ಟಿದರು. ಇವನೊಬ್ಬನನ್ನು ಬಿಟ್ಟು.

"ವಿಷ ಹಾಕಿದೀನಾ ಅದಕ್ಕೆ?"

"ಇಲ್ಲ... ದಯವಿಟ್ಟು ತಪ್ಪು ತಿಳೀಬೇಡಿ. ನಾನು ಲೆನಾರ್ಟ್. ಪಕ್ಕದ ಓಬರ್‌ಹಾರ್ಟ್ ಸಹಕಾರ ಸಂಘದ ವೈನ್ ನೆಲಮಾಳಿಗೆ ನೋಡ್ಕೊಳ್ಳೋಕೆ ಹೊಸದಾಗಿ ಬಂದಿದೀನಿ."

"ಹೆಸರು ಕೇಳಲಿಲ್ಲ. ಯಾಕೆ ಕುಡೀಲಿಲ್ಲ ಅಂತ ಕೇಳ್ದೆ!"

ಅವನ ಕಿವಿ ಕೆಂಪಾಯಿತು. "ಅದೊಂದು ಮಾತ್ರ ಹೇಳೋಕಾಗಲ್ಲ."

"ಹಂಗಾದ್ರೆ ನಮ್ಮ ಬೆಂಚಲ್ಲಿ ಕೂರೋಕೂ ಆಗಲ್ಲ!"

ಅವನು ಎದ್ದ. ಹೋಗುವಾಗ ಒಂದು ಸಲ ತಿರುಗಿ ನೋಡಿದ. ಆ ನೋಟದಲ್ಲಿ ಅಹಂಕಾರವಿರಲಿಲ್ಲ. ಅದೇ ಕೊರಿನ್ನಾಳಿಗೆ ಇನ್ನಷ್ಟು ಉರಿ ತಂದಿತು. 'ಇಷ್ಟು ಒಳ್ಳೆ ಕಣ್ಣಿಟ್ಟುಕೊಂಡು ಇಷ್ಟು ಕೆಟ್ಟ ಬುದ್ಧಿಯೇ?'

"ಬೈದದ್ದು ಸಾಕು, ಬಾಯಿ ಮುಚ್ಚು," ಎಂದಳು ಒಟೀಲಿ ಅಜ್ಜಿ. "ಅವನು ಗೇಟ್ ದಾಟಿ ಆಗ್ಲೇ ಎಷ್ಟೊತ್ತಾಯ್ತು. ನೀನಿನ್ನೂ ಗೇಟನ್ನೇ ನೋಡ್ತಿದೀಯ!"

*

ಕೊರಿನ್ನಾಳ ಸಂಕಟ ಅವಳಿಗೇ ಗೊತ್ತು.

ಡಾಂಬಾಖ್ ಮನೆ ಎಂದರೆ ಡ್ರೈ ರೀಸ್ಲಿಂಗ್. ಸಿಹಿಯ ಸುಳಿವೂ ಇಲ್ಲದ, ನಾಲಿಗೆ ಚುರುಕ್ಕೆನ್ನುವ ವೈನ್. ಅಪ್ಪ ಹೆರಿಬರ್ಟ್ ಅದನ್ನು ತನ್ನ ಅಪ್ಪ ಹೇಳಿಕೊಟ್ಟ ಹಾಗೆಯೇ ಮಾಡುತ್ತಿದ್ದ. ಮಗಳು ಬೇರೆ ದಾರಿ ಹಿಡಿದಾಗ ಬೈಯಲಿಲ್ಲ, ಒಂದು ಷರತ್ತು ಹಾಕಿದ.

"ತಪಾಸಣೆಯಲ್ಲಿ ಪಾಸಾದ್ರೆ ಗುಡ್ಡದ ಮೇಲಿನ ಕಲ್ಲುತೋಟ ಪೂರ್ತಿ ನಿನ್ನದು, ನಿನ್ನಿಷ್ಟದ ಹಾಗೆ ಮಾಡು. ಎರಡನೇ ಸಲಾನೂ ತಳ್ಳಿಹಾಕಿದ್ರೆ ಅದನ್ನ ಅಗ್ಗದ ಲೀಟರ್ ಬಾಟಲಿಯ ವೈನ್ ಜೊತೆ ಬೆರೆಸ್ತೀನಿ. ಆಮೇಲೆ ಈ ಹುಚ್ಚಾಟದ ಮಾತೆತ್ತಬಾರದು."

ಇಡೀ ಚಳಿಗಾಲ ಪೀಪಾಯಿಗೆ ಕಿವಿಯಿಟ್ಟು ಗುಳುಗುಳು ಸದ್ದು ಕೇಳಿದವಳು ಅವಳು. ಅದನ್ನು ಹೆಸರಿಲ್ಲದ ವೈನಿಗೆ ಬೆರೆಸುವುದೇ!

ಕೊಯ್ಲು ಶುರುವಾದ ದಿನವೇ ದ್ರಾಕ್ಷಿ ಹಿಂಡುವ ಯಂತ್ರ ಕೈಕೊಟ್ಟಿತು. ಒಳಗಿನ ರಬ್ಬರ್ ಚೀಲ ಢಮ್ಮೆಂದು ಒಡೆದೇಹೋಯಿತು! ಅಂಗಳದಲ್ಲಿ ತೊಟ್ಟಿ ತೊಟ್ಟಿ ದ್ರಾಕ್ಷಿ, ಅದರ ಮೇಲೆ ಕಣಜದ ಹುಳಗಳ ಹಿಂಡು, ನೆತ್ತಿಯ ಮೇಲೆ ಬಿಸಿಲು. ಅಪ್ಪ ತಲೆಮೇಲೆ ಕೈಹೊತ್ತು ಕೂತ.

ಆಗ ಗೇಟಿನಲ್ಲಿ ಒಂದು ಟ್ರಾಕ್ಟರ್ ಗುಡುಗಿತು. ಹಿಂದೆ ಸಂಘದ ಹಳೆಯ ಯಂತ್ರ. ಮೇಲೆ... ಲೆನಾರ್ಟ್!

"ನಿಮ್ಮಪ್ಪ ಫೋನ್ ಮಾಡಿದ್ರು," ಎಂದ ಕೊರಿನ್ನಾಳ ಮುಖ ನೋಡಿ, ಮೆಲ್ಲಗೆ. "ಬೇಡ ಅಂದ್ರೆ ವಾಪಸ್ ಹೋಗ್ತೀನಿ."

"ನಮ್ಮ ಜಗಳ ಮುಗಿಯೋವರೆಗೆ ದ್ರಾಕ್ಷಿ ಕಾಯಲ್ಲ. ಇಳಿಸಿ!"

ಇಬ್ಬರೂ ಮೈಮುರಿದು ದುಡಿದರು. ಅವನು ಪೈಪ್ ಹಿಡಿದರೆ ಇವಳು ಬಿಗಿಯುತ್ತಿದ್ದಳು. ಇವಳು "ನೀರು!" ಎನ್ನುವ ಮೊದಲೇ ಅವನು ನಲ್ಲಿ ತಿರುಗಿಸಿರುತ್ತಿದ್ದ. ಒಮ್ಮೆ ಅಂಟಂಟು ಕೈಗಳೆರಡೂ ಒಂದೇ ಹಿಡಿಯ ಮೇಲೆ ಬಂದವು... ಇಬ್ಬರೂ ತೆಗೆಯಲಿಲ್ಲ!

'ಅಯ್ಯೋ ದೇವರೇ, ಎದೆ ಯಾಕೆ ಹೀಗೆ ಹೊಡೆದುಕೊಳ್ತಿದೆ? ಯಂತ್ರದ ಸದ್ದೇ ಇರಬೇಕು.'

ಯಂತ್ರ ನಿಂತು ಆಗಲೇ ಎಷ್ಟೋ ಹೊತ್ತಾಗಿತ್ತು.

ಮಧ್ಯಾಹ್ನ ಅಜ್ಜಿ ಈರುಳ್ಳಿ ಹಾಸಿ ಬೇಯಿಸಿದ ರೊಟ್ಟಿಯನ್ನು ಮೇಜಿನ ಮೇಲಿಟ್ಟಳು. ಕೊರಿನ್ನಾ ಮನಸ್ಸು ಕರಗಿ, ತನ್ನ ವೈನಿನ ಬಾಟಲಿಯನ್ನೇ ತಂದು ಬಿರಡೆ ಎಳೆದಳು. ಲೆನಾರ್ಟ್ ಕುರ್ಚಿಯಿಂದ ಜಿಗಿದೆದ್ದ.

"ನಾನು... ನಾನು ಹೊರಗೇ ತಿಂತೀನಿ!"

ತಟ್ಟೆ ಹಿಡಿದು ಅಂಗಳಕ್ಕೆ ಓಡಿಯೇಬಿಟ್ಟ! ಬಿಸಿಲಲ್ಲಿ ನಿಂತು, ಒಂದು ಕೈಯಲ್ಲಿ ಕಣಜ ಓಡಿಸುತ್ತ, ಇನ್ನೊಂದರಲ್ಲಿ ರೊಟ್ಟಿ ತಿಂದ.

"ಹುಡುಗ ಒಳ್ಳೆಯವನು," ಎಂದಳು ಅಜ್ಜಿ ಕಿಟಕಿಯಿಂದ ನೋಡಿ. "ಒಂದು ಸ್ಕ್ರೂ ಸಡಿಲ ಅಷ್ಟೇ."

ಕೊರಿನ್ನಾ ನಗಲಿಲ್ಲ. ಅವಳ ಕಣ್ಣು ತುಂಬಿತ್ತು.

*

ಆದರೂ ಅವನು ಬರುವುದನ್ನು ಬಿಡಲಿಲ್ಲ, ಇವಳು ಕಾಯುವುದನ್ನೂ ಬಿಡಲಿಲ್ಲ. ಯಂತ್ರ ನೋಡಲು ಒಂದು ದಿನ, ಪೈಪ್ ಮರೆತೆನೆಂದು ಒಂದು ದಿನ, ಪೈಪ್ ಮರೆತಿರಲಿಲ್ಲವೆಂದು ಹೇಳಲು ಇನ್ನೊಂದು ದಿನ! ಅವನು ನಕ್ಕರೆ ಅವಳಿಗೆ ದಿನವಿಡೀ ಕೆಲಸವೇ ಹಗುರ.

ಎಲ್ಲವನ್ನೂ ಕೆಡಿಸಿದ್ದು ಪಕ್ಕದ ಮನೆಯ ಹಿಲ್ಡ್ರುನ್.

"ಗೊತ್ತಾಗ್ಲಿಲ್ವೇನೇ? ನಿನ್ನ ಲೆನಾರ್ಟ್ ತಪಾಸಣಾ ಮಂಡಳಿಯಲ್ಲಿದ್ದಾನಂತೆ! ಯಾರ ಮನೆಯದು ಅಂತ ಹೇಳದೆ ವೈನ್ ಕೊಡ್ತಾರಲ್ಲ, ರುಚಿ ನೋಡಿ ಅಂಕ ಹಾಕೋರು... ಅವರಲ್ಲಿ ಒಬ್ಬ!"

ಕೊರಿನ್ನಾಳ ಕೈಯಲ್ಲಿದ್ದ ಕತ್ತರಿ ಜಾರಿ ಬಿತ್ತು.

'ವಾಸನೆ ಸರಿಯಿಲ್ಲ...' ಉಸಿರು ಹಿಡಿದದ್ದು... ಊಟ ಬಿಟ್ಟು ಓಡಿದ್ದು... ಓ! ಹಾಗಾದರೆ ತಳ್ಳಿಹಾಕಿದವನು ಇವನೇ!

ಸಂಜೆ ಅವನು ಕಲ್ಲುತೋಟ ಹತ್ತಿ ಬಂದಾಗ ಅವಳು ಎದುರಿಗೆ ಅಡ್ಡ ನಿಂತಳು.

"ಮಂಡಳಿಯಲ್ಲಿದ್ದೀರಾ?"

ಅವನ ನಗು ಆರಿತು. "ಇದ್ದೀನಿ."

"ನನ್ನ ವೈನ್ ತಳ್ಳಿಹಾಕಿದ್ದು ನೀವೇನಾ?"

"ಆ ಕೋಣೆಯ ಮಾತು ಆಚೆ ಆಡಬಾರದು, ಕೊರಿನ್ನಾ. ಹೌದು ಅಂತಾನೂ ಹೇಳಲ್ಲ, ಇಲ್ಲ ಅಂತಾನೂ ಹೇಳಲ್ಲ. ಹಾಗಂತ ಮಾತು ಕೊಟ್ಟಿದೀನಿ."

"ನಾಳೆ ಮತ್ತೆ ಅದೇ ಕೋಣೆಗೆ ನನ್ನ ವೈನ್ ಬರುತ್ತೆ. ಮೂಗು ಮುಚ್ಕೊಂಡು ಅಂಕ ಹಾಕಿ! ಇಷ್ಟು ದಿನ ನಮ್ಮ ರೊಟ್ಟಿ ತಿಂದು, ನನ್ನ ಹತ್ರ ನಗ್ತಾ..." ಅವಳ ದನಿ ಒಡೆಯಿತು. "ಹೋಗಿ. ಇನ್ನು ಬರಬೇಡಿ!"

ಅವನು ಬಳ್ಳಿಗಳ ನಡುವೆ ತಲೆ ತಗ್ಗಿಸಿ ಇಳಿದುಹೋದ. ಕೊರಿನ್ನಾ ಅಲ್ಲೇ ಕಲ್ಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ವೈನಿಗಾಗಿ ಎಂದು ತನಗೆ ತಾನೇ ಹೇಳಿಕೊಂಡಳು.

*

ಮರುದಿನ ಮಧ್ಯಾಹ್ನ ಅವಳು ಕಲ್ಲುತೋಟದಲ್ಲಿ ಗೊಂಚಲು ಕತ್ತರಿಸುತ್ತಿದ್ದಾಗ ಕೆಳಗಿನಿಂದ ಅಪ್ಪನ ಕೂಗು ಕೇಳಿತು. ಮಾತೇ ಕಡಿಮೆಯ ಹೆರಿಬರ್ಟ್, ಟೋಪಿ ಬೀಸುತ್ತ, ಏದುಸಿರು ಬಿಡುತ್ತ ಏರು ಹತ್ತುತ್ತಿದ್ದ!

"ಪಾಸು! ಪಾಸಾಯ್ತು ಮಗಳೇ! ಫೋನ್ ಬಂದಿತ್ತು... ಒಳ್ಳೇ ಅಂಕ ಹಾಕಿದ್ದಾರೆ!"

ಕೊರಿನ್ನಾ ಕಿರುಚಿದಳು, ಅಪ್ಪನನ್ನು ತಬ್ಬಿದಳು, ಇಬ್ಬರೂ ಆಯ ತಪ್ಪಿ ಬಳ್ಳಿಯ ಮೇಲೆ ಒರಗಿದರು. ಕೊಯ್ಲಿನವರೆಲ್ಲ ಬಕೀಟು ಬಡಿದು ಸದ್ದೆಬ್ಬಿಸಿದರು!

"ಕಲ್ಲುತೋಟ ಇವತ್ತಿಂದ ನಿನ್ನದು," ಎಂದ ಅಪ್ಪ. ಮೂಗು ಒರೆಸಿಕೊಂಡು, ತುಸು ತಡೆದು, "ಇನ್ನೊಂದು ವಿಷಯ. ಫೋನ್ ಮಾಡಿದ್ದು ತಪಾಸಣೆ ಕಚೇರಿಯ ಫೋಲ್ಕ್‌ಮಾರ್, ನನ್ನ ಇಸ್ಪೀಟ್ ಗೆಳೆಯ. ಬೆಳಿಗ್ಗೆ ಒಬ್ಬ ಬಂದವನೇ 'ನನ್ನ ಹೆಸರು ತೆಗೀರಿ' ಅಂತ ಮಂಡಳಿಯಿಂದ ಎದ್ದು ಹೋದನಂತೆ. ಓಬರ್‌ಹಾರ್ಟಿನವನು. ಬೇಸಿಗೆಯಲ್ಲಿ ಸೇರಿದ್ದ, ನಿನ್ನ ವೈನ್ ಮೊದಲ ಸಲ ಹೋದಾಗ ಅವನು ಇರಲೂ ಇಲ್ಲ. ಯಾಕಪ್ಪಾ ಅಂದ್ರೆ, 'ನನ್ನ ನಾಲಿಗೆ ಇವತ್ತು ನ್ಯಾಯ ಹೇಳಲ್ಲ' ಅಂದನಂತೆ."

ಕೊರಿನ್ನಾಳ ಕಾಲ ಕೆಳಗಿನ ಕಲ್ಲೇ ಸರಿದಂತಾಯಿತು.

ಉಸಿರು ಹಿಡಿದದ್ದು... ವಾಸನೆ ಕೆಟ್ಟದೆಂದಲ್ಲ! ಮಂಡಳಿಯಲ್ಲಿ ರುಚಿ ನೋಡುವಾಗ ಅದು ಯಾರದೆಂದು ಗುರುತು ಸಿಗಬಾರದೆಂದು! ತಾನೇ ಅಲ್ಲವೇ ಬೆಂಚು ಹತ್ತಿ 'ಮತ್ತೆ ಕಳಿಸ್ತೀನಿ' ಎಂದು ಸಾರಿದ್ದು? ಪಾಪ, ಕಣಜಗಳ ನಡುವೆ ನಿಂತು ರೊಟ್ಟಿ ತಿಂದನಲ್ಲ ಅವನು!

"ಅಪ್ಪಾ, ಟ್ರಾಕ್ಟರ್ ಕೀ ಕೊಡು!"

*

ಓಬರ್‌ಹಾರ್ಟ್ ಸಂಘದ ಮುಂದೆ ದ್ರಾಕ್ಷಿ ತಂದವರ ಟ್ರಾಕ್ಟರುಗಳು ರಸ್ತೆಯುದ್ದಕ್ಕೂ ಸಾಲು ನಿಂತಿದ್ದವು. ಹಾರನ್‌ಗಳು ಕಿರುಚುತ್ತಿದ್ದರೂ ಕೊರಿನ್ನಾ ಎಲ್ಲರನ್ನೂ ದಾಟಿಕೊಂಡು ನುಗ್ಗಿದಳು. ಮೊಣಕಾಲುಗಳ ನಡುವೆ ಗುಳಿಲೋಟ, ಅದರಲ್ಲಿ ತುಳುಕುವ ರೀಸ್ಲಿಂಗ್, ಪ್ಯಾಂಟೆಲ್ಲ ಒದ್ದೆ!

"ಏಯ್, ಕ್ಯೂನಲ್ಲಿ ಬಾರಮ್ಮಾ!"

"ಒಂದು ಲೋಟ ತುಂಬಿಸ್ಕೊಂಡು ಇಷ್ಟು ಅರ್ಜೆಂಟಾ?"

"ಹೌದು, ಅರ್ಜೆಂಟು!" ಎಂದು ಕೂಗಿ ಹಾರಿ ಇಳಿದಳು.

ಲೆನಾರ್ಟ್ ತೊಟ್ಟಿಯ ಪಕ್ಕ ರಬ್ಬರ್ ಬೂಟು ಹಾಕಿಕೊಂಡು, ಸಲಿಕೆ ಹಿಡಿದು ನಿಂತಿದ್ದ. ಅವಳನ್ನು ಕಂಡು ಅವನ ಕೈ ನಿಂತಿತು.

"ಯಾಕೆ ಎದ್ದು ಹೋದ್ರಿ?" ಎಂದಳು ಅವಳು, ಏದುಸಿರಲ್ಲೇ.

"ಆ ಕೋಣೆಯಲ್ಲಿ ಹೊಸ ವಾಸನೆಗೆ ಹೆದರೋರು ಜಾಸ್ತಿ. ಹೆದರದ ಮೂಗು ಒಂದಾದ್ರೂ ಇರ್ಲಿ ಅಂತ ಕೂರೋಣ ಅಂದ್ಕೊಂಡಿದ್ದೆ. ಆದ್ರೆ ನಿನ್ನೆ ನೀವು ಅತ್ತಿದ್ದು ಕೆಳಗಿನವರೆಗೂ ಕೇಳಿಸ್ತಲ್ಲ..." ಅವನು ನೆಲ ನೋಡಿದ. "ಇನ್ನು ಯಾವ ವೈನ್ ಕೊಟ್ರೂ ಇದು ನಿಮ್ಮದೇ ಇರಬಹುದು ಅಂತ ಕೈತುಂಬ ಅಂಕ ಹಾಕ್ತಿದ್ದೆ. ಆಮೇಲೆ ಗೆದ್ದಿದ್ದು ವೈನೋ ನನ್ನ ಆಸೆಯೋ ಅಂತ ನಿಮಗೆ ಜೀವನಪೂರ್ತಿ ಅನುಮಾನ ಉಳೀತಿತ್ತು."

ಕೊರಿನ್ನಾ ಲೋಟ ಮುಂದೆ ಚಾಚಿದಳು. ಅರ್ಧ ಚೆಲ್ಲಿಹೋಗಿತ್ತು. ತಾನೊಂದು ಗುಟುಕು ಕುಡಿದು ಅವನಿಗೆ ಕೊಟ್ಟಳು.

ಈ ಸಲ ಅವನು ಉಸಿರು ಹಿಡಿಯಲಿಲ್ಲ. ಕಣ್ಣು ಮುಚ್ಚಿ, ಎದೆ ತುಂಬ ಆ ಪರಿಮಳ ಎಳೆದುಕೊಂಡ. ಆಮೇಲೆ ಕುಡಿದ. ಸಾಲಿನ ಹಾರನ್‌ಗಳೆಲ್ಲ ತಾವಾಗಿಯೇ ನಿಂತವು.

"ಹೇಗಿದೆ?" ಅವಳ ದನಿ ನಡುಗಿತು.

"ಅದ್ಭುತ," ಎಂದ. "ಸ್ವಲ್ಪ ಬೇಗ ಬಾಟಲಿಗೆ ತುಂಬಿಸಿದ್ದೀರಿ."

"ಏನಂದ್ರಿ?!"

"ನಿಜ ಕೇಳಿದ್ರಿ, ನಿಜ ಹೇಳ್ದೆ."

ಅವಳಿಗೆ ಅಳು ನಗು ಎರಡೂ ಒಟ್ಟಿಗೆ ಬಂದವು. ಇಷ್ಟು ನೆಟ್ಟಗಿನ ಮನುಷ್ಯನನ್ನು ಬಿಟ್ಟು ಬೇರೆ ಯಾರನ್ನು ಪ್ರೀತಿಸಲಿ!

"ಲೆನಾರ್ಟ್... ನೀನಂದ್ರೆ ನನಗಿಷ್ಟ. ಬೆಂಚಿನಿಂದ ಎಬ್ಬಿಸಿದ ದಿನದಿಂದ್ಲೂ!"

"ನನಗೆ ಅದಕ್ಕಿಂತ ಸ್ವಲ್ಪ ಮುಂಚಿನಿಂದ. ಬೆಂಚು ಹತ್ತಿ ನಿಂತು ಮಾತಾಡಿದೆಯಲ್ಲ, ಆಗಿನಿಂದ."

ಲೋಟದ ತಳದಲ್ಲಿ ಒಂದೇ ಒಂದು ಗುಟುಕು ಉಳಿದಿತ್ತು. ಅವನು ಅದನ್ನು ಎತ್ತಿದ.

"ಯೋಚನೆ ಮಾಡು," ಎಂದಳು ಕೊರಿನ್ನಾ. "ಅದನ್ನ ಕುಡಿದ್ರೆ ಮುಂದಿನ ಲೋಟ ನೀನೇ ತುಂಬಿಸಬೇಕು."

"ಗೊತ್ತು."

"ಅದರ ಮುಂದಿನದೂ..."

ಲೆನಾರ್ಟ್ ಕೊನೆಯ ಹನಿಯನ್ನೂ ಬಿಡದೆ ಕುಡಿದು, ಬರಿದಾದ ಲೋಟವನ್ನು ಎಲ್ಲರಿಗೂ ಕಾಣುವಂತೆ ಬೋರಲು ಹಿಡಿದ.

"ನಡಿ, ಮನೆಗೆ ಹೋಗೋಣ," ಎಂದ. "ತುಂಬಿಸೋದು ತುಂಬಾ ಇದೆ."