ಅಮ್ಮನಿಗೆ ಹೇಳಿ ಬರುವಷ್ಟು ಹೊತ್ತು

ಟಕ್.

ಗವಿಪುರದ ಓಣಿಯಲ್ಲಿ ಕೊನೆಯ ಸ್ಕೂಟರಿನ ಸದ್ದೂ ಅಡಗಿದ ಮೇಲೆ ಆ ಶಬ್ದ ಬರುತ್ತಿತ್ತು. ರಾತ್ರಿಗೆ ಒಂದೇ ಸಲ. ಹಲ್ಲಿ ಲೊಚಗುಟ್ಟಿದಂತಲ್ಲ, ಬಾಗಿಲ ಮರ ಸೆಟೆದಂತಲ್ಲ; ಕಬ್ಬಿಣ ಕಬ್ಬಿಣವನ್ನು ಮುಟ್ಟಿ ಸುಮ್ಮನಾದ ಶಬ್ದ. ಮನೆಯ ಪಕ್ಕದ ತಗಡಿನ ಷೆಡ್ಡಿನಿಂದ. ಅದು ಕಿವಿಗೆ ಬಿದ್ದ ಮೇಲೆಯೇ ಪಾರ್ವತಮ್ಮ ಕಿಟಕಿ ಬಿಟ್ಟು ಏಳುತ್ತಿದ್ದರು. ತಟ್ಟೆಯಲ್ಲಿ ಆರಿ ಬಿರುಕುಬಿಟ್ಟಿದ್ದ ಮುದ್ದೆಯನ್ನು ಎರಡು ತುತ್ತು ನುಂಗಿ, "ಬಂದ" ಎಂದು ತಮಗೆ ತಾವೇ ಹೇಳಿಕೊಂಡು ಮಲಗುತ್ತಿದ್ದರು.

ಒಳಕೋಣೆಯಲ್ಲಿ ಅವರ ಸೊಸೆ ಮೋನಿಷಾ ಕಣ್ಣು ತೆರೆದು ಮಲಗಿರುತ್ತಿದ್ದಳು. ಪಾಲಿಟೆಕ್ನಿಕ್ಕಿನ ಎಲೆಕ್ಟ್ರಿಕಲ್ ಲ್ಯಾಬಿನಲ್ಲಿ ಪಾಠ ಹೇಳುವ ಅವಳಿಗೆ ಆ ಶಬ್ದದ ಹೆಸರು ಗೊತ್ತಿತ್ತು. ಸೊಲೆನಾಯ್ಡ್. ಕಾರಿನ ಕೀ ತಿರುಗಿಸಿದಾಗ ಬ್ಯಾಟರಿಯ ಕರೆಂಟನ್ನು ಸ್ಟಾರ್ಟರ್ ಮೋಟರಿಗೆ ದಾಟಿಸುವ ಸಣ್ಣ ಡಬ್ಬಿ. ಅದು ಟಕ್ ಎಂದೊಡನೆ ಮೋಟರು ತಿರುಗಬೇಕು, ಇಂಜಿನ್ನು ಎಚ್ಚರಗೊಳ್ಳಬೇಕು. ಷೆಡ್ಡಿನ ಹಳೆಯ ಅಂಬಾಸಡರ್ ಬರೀ ಟಕ್ ಎನ್ನುತ್ತಿತ್ತು.

ಅದರ ಕೀ ಇದ್ದದ್ದು ಅವಳ ದಿಂಬಿನ ಕೆಳಗೆ.

ಆ ಕಾರು ಮಾವ ಬೈರಯ್ಯನವರದು. ಸರ್ಕಾರಿ ಕಚೇರಿಯಲ್ಲಿ ಸರ್ವೀಸು ಪೂರ್ತಿ ಅದನ್ನೇ ಓಡಿಸಿ, ಕಚೇರಿ ಅದನ್ನು ಹರಾಜಿಗಿಟ್ಟಾಗ ತಾವೇ ಕೂಗಿ ಮನೆಗೆ ತಂದಿದ್ದರಂತೆ. ಅವರು ಹೋದ ಮೇಲೆ ಅದು ಮಗ ರವಿಕುಮಾರನ ಪಾಲಿಗೆ ಬಂತು. ಮೋನಿಷಾ ಮದುವೆಯಾಗಿ ಈ ಮನೆಗೆ ಬಂದ ದಿನದಿಂದಲೂ ಗಂಡನ ಕ್ರಮ ಒಂದೇ. ರಾತ್ರಿ ಊಟವಾದ ಮೇಲೆ ಷೆಡ್ಡಿಗೆ ಹೋಗಿ ಕೀ ತಿರುಗಿಸುವುದು, ಟಕ್ ಅನ್ನಿಸುವುದು, ನಗುತ್ತಾ ಒಳಗೆ ಬರುವುದು. ಸ್ಟಾರ್ಟ್ ಆದ ದಿನ ಮೊದಲು ನಿನ್ನನ್ನೇ ಕೂರಿಸಿಕೊಂಡು ಗಾಂಧಿಬಜಾರಿಗೆ ಒಂದು ಸುತ್ತು ಹೋಗೋಣ ಎನ್ನುತ್ತಿದ್ದ. ಕೊನೆಗೆ, ಸ್ಟಾರ್ಟರಿನ ಒಳಗೆ ಕರೆಂಟು ಮುಟ್ಟಿಸುವ ಬ್ರಷ್ಷುಗಳು ಸವೆದಿವೆ ಎಂದು ತೀರ್ಮಾನಿಸಿ, ಹೊಸವನ್ನು ತರಲು ಜೆ.ಸಿ. ರಸ್ತೆಗೆ ಹೊರಟ. ಗೇಟಿನ ಹತ್ತಿರ ತಿರುಗಿ "ಬರ್ತೀನಿ" ಎಂದ. ಯಾರಾದರೂ ಅನ್ನುವ ಮಾತು. ನೀರಿನ ಟ್ಯಾಂಕರೊಂದು ಅವನ ಬೈಕನ್ನು ಹಿಂದಿನಿಂದ ಗುದ್ದಿತು. ಆಸ್ಪತ್ರೆಯಿಂದ ಬಂದ ಪ್ಲಾಸ್ಟಿಕ್ ಕವರಿನಲ್ಲಿ ಅವನ ಅಂಗಿಯ ಜೊತೆಗೆ ಬ್ರಷ್ಷಿನ ಪೊಟ್ಟಣವೂ ಇತ್ತು. ಬಿಚ್ಚಿರಲಿಲ್ಲ.

ಷೆಡ್ಡಿನ ಶಬ್ದ ಶುರುವಾದದ್ದು ತಿಥಿ ಕಳೆದ ಮೇಲೆ.

ಅತ್ತೆ ಕರಗುತ್ತಿದ್ದರು. ರಾತ್ರಿಯ ಆ ಒಂದು ಶಬ್ದಕ್ಕಾಗಿ ಹಗಲೆಲ್ಲ ಕಾಯುತ್ತಾ, ಊಟ ನಿದ್ದೆ ಎರಡನ್ನೂ ಬಿಟ್ಟಿದ್ದರು. ಕೊರಳ ಮೂಳೆ ಎದ್ದು ಕಾಣುತ್ತಿತ್ತು. ಮಗನ ಹರಕೆ ಎಂದು ತಲೆ ಬೋಳಿಸಿಕೊಂಡಿದ್ದರಿಂದ ಸೆರಗಿನೊಳಗಿನ ಮುಖ ಮಗುವಿನದರಷ್ಟು ಚಿಕ್ಕದಾಗಿತ್ತು. ಗಂಡನನ್ನು ಕಳೆದುಕೊಂಡ ಮೋನಿಷಾಳಿಗೆ ಈ ಮನೆಯಲ್ಲಿ ಉಳಿದಿದ್ದ ಜೀವ ಅದೊಂದೇ. ಅತ್ತೆಯನ್ನು ಅವಳು ಅಮ್ಮ ಎಂದೇ ಕರೆಯುತ್ತಿದ್ದಳು. ಕಾರಿನ ದೋಷ ಹುಡುಕಿ ಆ ಶಬ್ದ ನಿಲ್ಲಿಸಿದರೆ ಅತ್ತೆ ನಾಲ್ಕು ದಿನ ಅತ್ತು, ಆಮೇಲೆ ಉಣ್ಣುತ್ತಾರೆ, ಮಲಗುತ್ತಾರೆ ಎಂದು ಅವಳು ಲೆಕ್ಕ ಹಾಕಿದಳು.

ಅವಳ ಮನಸ್ಸಿನಲ್ಲಿದ್ದದ್ದನ್ನು ಚಿಕ್ಕಮುನಿಯಮ್ಮ ಅದು ಹೇಗೆ ಓದಿದಳೋ. ಎದುರುಮನೆಯ ಮುದುಕಿ, ಗುಹೆಯ ಗುಡಿಯ ಹತ್ತಿರ ಹೂವು ಮಾರುತ್ತಾಳೆ, ಕತ್ತಲಾದ ಮೇಲೆ ಬಂದವರಿಗೆ ಬೇರೆ ಏನೇನನ್ನೋ ಕಟ್ಟಿಕೊಡುತ್ತಾಳೆ ಎಂದು ಓಣಿಯವರು ದನಿ ತಗ್ಗಿಸಿ ಹೇಳುತ್ತಿದ್ದರು. ಶನಿವಾರ ಸಂಜೆ ಮೋನಿಷಾಳ ಕೈಗೆ ಹೂವು ಕೊಡುತ್ತಾ ಆ ಕೈಯನ್ನೇ ಹಿಡಿದುಕೊಂಡಳು.

"ಗಾಡಿ ತಂಟೆಗೆ ಹೋಗ್ಬೇಡ ಕಣವ್ವ. ಹೊರಡೋವಾಗ ಬರ್ತೀನಿ ಅಂದಿದ್ನಲ್ಲ ನಿನ್ನ ಗಂಡ, ಆ ಮಾತನ್ನ ಅಲ್ಲಿ ಕಟ್ಟಿಟ್ಟಿದೀನಿ. ನಿಮ್ಮತ್ತೆ ಕಾಲಿಗೆ ಬಿದ್ದು ಕಟ್ಟಿಸ್ಕೊಂಡವ್ಳೆ. ಅಂದ ಮಾತು ತೀರೋಗಂಟ ಸತ್ತೋರ್ಗೂ ಬಿಡುಗಡೆ ಇಲ್ಲ."

ಮೋನಿಷಾ ಕೈ ಬಿಡಿಸಿಕೊಂಡು ನಕ್ಕಳು. "ಮಾತು ಕಟ್ಟೋಕೆ ಎಷ್ಟು ಮೊಳ ದಾರ ಬೇಕಾಯ್ತು ಅಜ್ಜಿ?"

ಮುದುಕಿ ನಗಲಿಲ್ಲ. "ದಾರದಲ್ಲಿ ಕಟ್ಟೋದಲ್ಲ ಅದು. ಆಯ್ತು, ಹೋದ್ರೆ ಹೋಗು. ಅಲ್ಲಿ ಬಾಯಿ ಮಾತ್ರ ಬಿಡ್ಬೇಡ. ಬರ್ತೀನಿ ಅನ್ನೋ ಮಾತು ನಿನ್ನ ಬಾಯಲ್ಲಿ ಬರ್ಕೂಡ್ದು."

ಮರುದಿನ ಭಾನುವಾರ. ಪಾರ್ವತಮ್ಮ ಹನುಮಂತನಗರದ ತಂಗಿಯ ಮನೆಗೆ ಹೋಗಿದ್ದರು. ಮಧ್ಯಾಹ್ನ ಮೋನಿಷಾ ಟಾರ್ಚು, ಮೀಟರು, ಸ್ಪ್ಯಾನರುಗಳೊಂದಿಗೆ ಷೆಡ್ಡಿನ ಬಾಗಿಲು ತೆರೆದಳು.

ಕಿಟಕಿಯಿಲ್ಲದ ಷೆಡ್ಡು. ಹಗಲು ಬಾಗಿಲವರೆಗೆ ಬಂದು ಅಲ್ಲೇ ನಿಲ್ಲುತ್ತಿತ್ತು. ಹಳೇ ಎಣ್ಣೆ, ಇಲಿಯ ಹಿಕ್ಕೆ, ಕಾದ ತಗಡು, ಎಲ್ಲದರ ಅಡಿಯಲ್ಲಿ ಆರಿದ ಕರ್ಪೂರದ ವಾಸನೆ. ಕಾರು ಇಟ್ಟಿಗೆಗಳ ಮೇಲೆ ಕೂತಿತ್ತು. ಚಕ್ರಗಳನ್ನು ರವಿ ಬಿಚ್ಚಿ ಗೋಡೆಗೆ ಒರಗಿಸಿದ್ದ. ಟ್ಯಾಂಕಿನಲ್ಲಿದ್ದ ಪೆಟ್ರೋಲನ್ನೂ ಆಗಲೇ ಬಸಿದಿದ್ದ.

ಲ್ಯಾಬಿನಲ್ಲಿ ಹುಡುಗರಿಗೆ ಹೇಳುವಂತೆ ಒಂದೊಂದಾಗಿ ನೋಡಿಕೊಂಡು ಹೋದಳು. ಮೊದಲು ಬ್ಯಾಟರಿ. ತಿಂಗಳುಗಟ್ಟಲೆ ಯಾರೂ ಚಾರ್ಜ್ ಮಾಡದ ಬ್ಯಾಟರಿ ಸತ್ತಿರಬೇಕಿತ್ತು. ಮೀಟರು ಹನ್ನೆರಡೂವರೆ ವೋಲ್ಟ್ ತೋರಿಸಿತು. ಆಗಲೇ ಅವಳು ಎದ್ದು ಬರಬೇಕಿತ್ತು. ಅವಳು ಖುಷಿಪಟ್ಟಳು. ಹೆಡ್‌ಲೈಟು ಹಾಕಿ ಕೀ ತಿರುಗಿಸಿದಳು. ಟಕ್. ಬೆಳಕು ಒಂದಿಷ್ಟೂ ಮಂಕಾಗಲಿಲ್ಲ. ಮೋಟರು ಕರೆಂಟು ಎಳೆದಿದ್ದರೆ ದೀಪ ಕುಗ್ಗಬೇಕಿತ್ತು. ಅಂದರೆ ಕರೆಂಟು ಹರಿಯುತ್ತಲೇ ಇಲ್ಲ. ಸೊಲೆನಾಯ್ಡಿನಿಂದ ಮೋಟರಿಗೆ ಹೋಗುವ ತಂತಿ ಚೆನ್ನಾಗಿತ್ತು. ಹೋಗುವ ದಾರಿ ಸರಿಯಿದೆ, ಹಿಂದಿರುಗುವ ದಾರಿ ಎಲ್ಲೋ ಕಡಿದಿದೆ. ಅರ್ತ್.

ಇಂಜಿನ್ನಿನಿಂದ ಕಾರಿನ ಒಡಲಿಗೆ ಹೆಣೆದ ತಾಮ್ರದ ಪಟ್ಟಿಯೊಂದಿರುತ್ತದೆ. ಕರೆಂಟು ಬ್ಯಾಟರಿಗೆ ಮರಳುವುದು ಅದರ ಮೂಲಕ. ಇಂಜಿನ್ನನ್ನು ಒಡಲಿಗೆ ಕಟ್ಟುವುದು ಅದೇ ಎಂದು ಬೈರಯ್ಯ ಹೆಂಡತಿಗೆ ಹೇಳಿಕೊಟ್ಟಿದ್ದರಂತೆ. ಪಾರ್ವತಮ್ಮ ಒಮ್ಮೆ ನಾಚುತ್ತಾ ಸೊಸೆಗೆ ಹೇಳಿದ್ದರು.

ಗೋಣಿಚೀಲ ಹಾಸಿ ಕಾರಿನ ಅಡಿಗೆ ತೆವಳಿದಳು. ಕರ್ಪೂರದ ವಾಸನೆ ಗಾಢವಾಯಿತು. ಟಾರ್ಚು ಬಿಟ್ಟಳು.

ಪಟ್ಟಿಯ ತುಂಬ ಕೂದಲು.

ಉದ್ದನೆಯ ನರೆಗೂದಲು ತಾಮ್ರದ ಎಳೆಗಳ ನಡುವೆ ಒಳಹೊರಗಾಗಿ, ಹೆರಳು ಹಾಕಿದಂತೆ, ನೀಟಾಗಿ ಹೆಣೆದುಕೊಂಡಿತ್ತು. ಅಲ್ಲಲ್ಲಿ ಒಣಗಿದ ಕುಂಕುಮ. ನಡುನಡುವೆ ಗಿಡ್ಡನೆಯ ಕಪ್ಪು ಕೂದಲು. ಬಚ್ಚಲುಮನೆಯಿಂದ ಮಾಯವಾಗಿದ್ದ ರವಿಯ ಬಾಚಣಿಗೆ ನೆನಪಾಯಿತು. ಹರಕೆಯ ಕೂದಲು ಯಾವ ದೇವರಿಗೂ ಹೋಗಿರಲಿಲ್ಲ.

ಅವಳು ಚಾಚಿದ್ದ ಕೈ ಹಿಂದೆಗೆದಳು. ಅಷ್ಟರಲ್ಲೇ ಲ್ಯಾಬಿನ ಬುದ್ಧಿ ತಲೆಯೆತ್ತಿತು. ಕೂದಲಲ್ಲಿ ಕರೆಂಟು ಹರಿಯುವುದಿಲ್ಲ. ಸಿಕ್ಕಿತಲ್ಲ ದೋಷ. ಬ್ಲೇಡು ತೆಗೆದು ಕುಯ್ದಳು.

ಮೇಲೆ, ಕಾರಿನ ಒಳಗೆ, ಸೀಟಿನ ಸ್ಪ್ರಿಂಗು ಕಿರುಗುಟ್ಟಿತು. ಬಹಳ ಹೊತ್ತು ಕೂತಿದ್ದವರು ಮಗ್ಗುಲು ಬದಲಿಸಿದ ಹಾಗೆ.

ಉಸಿರು ಹಿಡಿದು ಕೇಳಿದಳು. ಏನೂ ಇಲ್ಲ. ಇಲಿ ಇರಬೇಕು.

ಕೂದಲು ಕಳಚಿದ ಮೇಲೆ ಪಟ್ಟಿಯ ಕೊನೆ ಕಂಡಿತು. ಬೋಲ್ಟಿನ ಸುತ್ತ ಹಸಿರು ತುಕ್ಕು, ಪದರ ಪದರವಾಗಿ ಕೂತಿತ್ತು. ಕೆಲವು ತಿಂಗಳಿನದಲ್ಲ, ಎಷ್ಟೋ ವರ್ಷಗಳದು. ಅವಳು ಅದನ್ನೇ ನೋಡುತ್ತಾ ಮಲಗಿಬಿಟ್ಟಳು. ರವಿ ರಾತ್ರಿ ರಾತ್ರಿ ಕೀ ತಿರುಗಿಸಿದಾಗಲೂ ಇದ್ದ ದೋಷ ಇದೇ. ಬ್ರಷ್ಷು ಸವೆದಿರಲಿಲ್ಲ. ಅವನು ಜೆ.ಸಿ. ರಸ್ತೆಗೆ ಹೋಗಬೇಕಾಗಿಯೇ ಇರಲಿಲ್ಲ. ಒಂದು ತುಂಡು ಉಪ್ಪುಕಾಗದ ಸಾಕಿತ್ತು.

ಕಣ್ಣೀರು ಕಿವಿಯೊಳಕ್ಕೆ ಇಳಿಯುತ್ತಿರುವಂತೆಯೇ ತುಕ್ಕು ಉಜ್ಜಿದಳು. ತಾಮ್ರ ಕೆಂಪಗೆ ಹೊಳೆಯುವವರೆಗೆ ಉಜ್ಜಿದಳು. ಬೋಲ್ಟು ಬಿಗಿದಳು. ಹೊರಗೆ ಬಂದಾಗ ಬಾಗಿಲ ಹಗಲು ಮುಗಿದಿತ್ತು. ಓಣಿಯಲ್ಲಿ ದೀಪ ಹಚ್ಚುವ ಹೊತ್ತು. ಅದೇ ಗಳಿಗೆಗೆ ಕರೆಂಟೂ ಹೋಯಿತು.

ಬಲಗಡೆಯ ಕಿಟಕಿಯೊಳಗೆ ಕೈ ತೂರಿಸಿ ಕೀ ಮುಟ್ಟಿದಳು. ಟ್ಯಾಂಕು ಖಾಲಿ, ಮೋಟರು ತಿರುಗಿದರೆ ಅಷ್ಟೇ ಸಾಕಿತ್ತು ಅವಳಿಗೆ. ಅವನ ಕೆಲಸ ಮುಗಿಯಿತು ಎಂದು ಅವನಿಗೆ ಹೇಳಿದಂತಾಗುತ್ತದೆ.

ತಿರುಗಿಸಿದಳು.

ಮೋಟರು ತಿರುಗಿತು. ಕೆಮ್ಮಿತು. ಇಂಜಿನ್ನು ಹೊತ್ತಿಕೊಂಡಿತು.

ಕೈ ಕಿತ್ತುಕೊಂಡು ಹಿಂದೆ ಸರಿದಳು. ತಗಡು ನಡುಗಿತು. ನೆಲ ನಡುಗಿತು. ಅವಳು ಆರಿಸಿದ್ದ ಹೆಡ್‌ಲೈಟು ತಾನಾಗಿ ಹೊತ್ತಿತು. ಗಾಜಿನ ಹಿಂದೆ ಏನೂ ಕಾಣಲಿಲ್ಲ. ಬರೀ ಕಪ್ಪು. ಆ ಕಪ್ಪಿನಿಂದ ಲವಂಗದ ವಾಸನೆ ಬಂತು. ಊಟವಾದ ಮೇಲೆ ಅವನು ಬಾಯಿಗೆ ಹಾಕಿಕೊಳ್ಳುತ್ತಿದ್ದ ಲವಂಗ.

ಹಾರನ್ನು. ಮೆಲ್ಲಗೆ. ಎರಡು ಸಲ.

ಎಡಗಡೆಯ ಬಾಗಿಲು ತೆರೆಯಿತು. ಆ ಬಾಗಿಲಿಗೆ ಹೊರಗೆ ಹಿಡಿಯೇ ಇರಲಿಲ್ಲ. ಒಳಗಿದ್ದವರು ಬಗ್ಗಿ ತಳ್ಳಬೇಕು.

ಅವಳು ನಡೆದಳು. ನಡೆಯುತ್ತಿರುವುದು ತಾನೇ ಎಂದು ಅವಳಿಗೆ ಅನ್ನಿಸಲಿಲ್ಲ. ಬಾಗಿಲು ಹಿಡಿದಳು. ತಣ್ಣಗಿತ್ತು. ಒಳಗಿನ ಗಾಳಿ ಇನ್ನೂ ತಣ್ಣಗಿತ್ತು. ಡ್ರೈವರ್ ಸೀಟು ಕುಸಿದಿತ್ತು. ಅದರ ಮೇಲೆ ಯಾರೂ ಇರಲಿಲ್ಲ. ಒಂದು ಕಾಲು ಒಳಗಿಟ್ಟಳು. ಎದೆಯೊಳಗೆ ಭಯವಿತ್ತು, ಅದರ ಪಕ್ಕದಲ್ಲೇ ಅದಕ್ಕಿಂತ ದೊಡ್ಡದೊಂದು ಸಂತೋಷವಿತ್ತು. ಗಾಂಧಿಬಜಾರು. ಒಂದು ಸುತ್ತು. ಮನೆ ಬೀಗ ಹಾಕಿಲ್ಲ. ಅಮ್ಮ ಬರುವ ಹೊತ್ತು. ಬಂದು ಹುಡುಕುತ್ತಾರೆ.

ಎಲ್ಲ ಮನೆಗಳ ಎಲ್ಲ ಸೊಸೆಯರ ಬಾಯಿಂದಲೂ ಬರುವ ಮಾತು, ಯೋಚನೆಯೇ ಇಲ್ಲದೆ, ಅವಳ ಬಾಯಿಂದ ಬಂತು.

"ಒಂದ್ನಿಮಿಷ ಇರಿ. ಅಮ್ಮಂಗೆ ಹೇಳ್ಬಿಟ್ಟು ಬರ್ತೀನಿ."

ಕಾಲು ತೆಗೆದಳು. ತಿರುಗಿದಳು. ಷೆಡ್ಡಿನ ಹೊಸ್ತಿಲು ದಾಟಿದಳು.

ಹಿಂದೆ ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು. ಇಂಜಿನ್ನಿನ ಸದ್ದು ಮುಂದೆ ಬಂತು. ಅವಳ ಪಕ್ಕದಲ್ಲೇ ಹಾದುಹೋಯಿತು. ಸೆರಗು ಹಾರಿತು. ಬರೀ ಸದ್ದು. ಓಣಿಯ ನಾಯಿ ಎದ್ದು ದಾರಿ ಬಿಟ್ಟು, ಕಾಣದ ಯಾವುದನ್ನೋ ಕತ್ತು ತಿರುಗಿಸುತ್ತಾ ನೋಡಿತು. ಸದ್ದು ಓಣಿಯ ತಿರುವಿನವರೆಗೆ ಹೋಯಿತು. ಅಲ್ಲಿ ಸ್ವಲ್ಪ ಹೊತ್ತು ಗುರುಗುಡುತ್ತಾ ನಿಂತು, ಆಮೇಲೆ ನಿಂತೇಹೋಯಿತು.

ಷೆಡ್ಡಿನೊಳಗೆ ಕಾರು ಇಟ್ಟಿಗೆಗಳ ಮೇಲೆ ಇದ್ದ ಹಾಗೇ ಇತ್ತು. ಬಾನೆಟ್ಟು ಮುಟ್ಟಿದಳು. ಕಲ್ಲಿನಂತೆ ತಣ್ಣಗಿತ್ತು. ಟ್ಯಾಂಕಿನೊಳಗೆ ಬಿಟ್ಟ ಕಡ್ಡಿಗೆ ತುಕ್ಕಿನ ಪುಡಿ ಮಾತ್ರ ಹತ್ತಿತು.

ಆ ರಾತ್ರಿ ಪಾರ್ವತಮ್ಮ ಕಿಟಕಿಯ ಹತ್ತಿರ ಕೂತರು. ಶಬ್ದ ಬರಲಿಲ್ಲ. ಮುದ್ದೆ ಹಾಗೇ ಉಳಿಯಿತು. ಬೆಳಕು ಹರಿದಾಗಲೂ ಅವರು ಕೂತೇ ಇದ್ದರು. ಮರುರಾತ್ರಿಯೂ ಅದೇ. ಅತ್ತು ಹಗುರಾಗುತ್ತಾರೆ ಎಂದುಕೊಂಡಿದ್ದಳಲ್ಲ, ಅವರು ಅಳಲಿಲ್ಲ. ನೀರು ಕೊಟ್ಟರೂ ತುಟಿ ತೆರೆಯಲಿಲ್ಲ. "ದಾರಿ ತಪ್ಪಿದಾನೇನೋ" ಎಂದು ಒಂದು ಸಲ ಅಂದರು, ಅಷ್ಟೆ.

ಮೂರನೆಯ ರಾತ್ರಿ ಮೋನಿಷಾ ಹಿತ್ತಲ ಬಾಗಿಲಿನಿಂದ ಬರಿಗಾಲಲ್ಲಿ ಷೆಡ್ಡಿಗೆ ಹೋದಳು. ತಾನೇ ಬಿಗಿದಿದ್ದ ಬೋಲ್ಟನ್ನು ತಾನೇ ಬಿಚ್ಚಿ, ಹೊಳೆಯುವ ತಾಮ್ರದ ಪಟ್ಟಿಯನ್ನು ಕೆಳಕ್ಕೆ ಇಳಿಬಿಟ್ಟಳು. ಕೀ ತಿರುಗಿಸಿದಳು.

ಟಕ್.

ಒಳಗೆ ತಟ್ಟೆಯ ಸದ್ದಾಯಿತು. "ಬಂದ" ಎಂಬ ದನಿ ಗೋಡೆ ದಾಟಿ ಬಂತು.

ಅವಳು ಸ್ಟಿಯರಿಂಗಿಗೆ ಹಣೆ ಹಚ್ಚಿ ಕೂತಿದ್ದಳು. ಆಗ ದೂರದಲ್ಲಿ, ಓಣಿಯ ತಿರುವಿನಲ್ಲಿ, ಹಾರನ್ನು ಕೇಳಿಸಿತು. ಮೆಲ್ಲಗೆ. ಎರಡು ಸಲ.

ಆಮೇಲೆ ಪ್ರತಿ ರಾತ್ರಿಯೂ ಹಾಗೇ. ಅವಳು ಟಕ್ ಅನ್ನಿಸುತ್ತಾಳೆ, ಅತ್ತೆ ಉಣ್ಣುತ್ತಾರೆ, ತಿರುವಿನಲ್ಲಿ ಅವನು ಕರೆಯುತ್ತಾನೆ.

ಚಿಕ್ಕಮುನಿಯಮ್ಮ ಒಂದು ಸಂಜೆ ಹೂವಿನ ಬುಟ್ಟಿ ಇಳಿಸಿ ಅವಳ ಮುಖವನ್ನೇ ನೋಡಿದಳು. "ಅಲ್ಲಿ ಏನಾದ್ರೂ ಅಂದ್ಯಾ?"

"ಇಲ್ಲ ಅಜ್ಜಿ."

"ಅಂದಿದ್ರೆ ಹೇಳ್ಬಿಡು. ಅಂದಿದ್ದನ್ನ ಅಂದ ಹಾಗೇ ತೀರಿಸ್ಬೇಕಾಗ್ತದೆ."

ಇಲ್ಲ ಎಂದು ಮತ್ತೊಮ್ಮೆ ತಲೆಯಾಡಿಸಿದಳು. ತಾನು ಅಂದದ್ದು ಅಕ್ಷರ ಬಿಡದೆ ನೆನಪಿತ್ತು. ಅಮ್ಮನಿಗೆ ಹೇಳಿ ಬರ್ತೀನಿ. ಹೇಳಿದ ದಿನ ಹೊರಡಲೇಬೇಕು. ತಾನು ಹೊರಟರೆ ರಾತ್ರಿ ಈ ಮನೆಯಲ್ಲಿ ಟಕ್ ಅನ್ನಿಸಲು ಯಾರೂ ಇರುವುದಿಲ್ಲ. ಹೇಳದಿದ್ದರೆ ಅವನು ತಿರುವಿನಲ್ಲಿ ಕಾಯುತ್ತಲೇ ಇರುತ್ತಾನೆ. ಬದುಕಿದ್ದಾಗಲೂ ಹಾಗೆ ಕಾದವನೇ. ಅವಳು ಸೀರೆ ಉಡುವ ತನಕ ಗೇಟಿನ ಹತ್ತಿರ ನಿಂತಿರುತ್ತಿದ್ದ.

ಆ ರಾತ್ರಿ ಹಾರನ್ನು ಎಂದಿಗಿಂತ ಹತ್ತಿರದಲ್ಲಿ ಕೇಳಿಸಿತು. ಗ್ರೀಸಿನ ಕೈ ತೊಳೆಯದೆಯೇ ಅವಳು ಅತ್ತೆಯ ಕೋಣೆಯ ಬಾಗಿಲಿಗೆ ಹೋಗಿ ನಿಂತಳು. ಚೌಕಟ್ಟು ಹಿಡಿದುಕೊಂಡಳು. ತುಟಿ ತೆರೆದಳು.

ಪಾರ್ವತಮ್ಮ ಅರೆನಿದ್ದೆಯಲ್ಲಿ ಮಗ್ಗುಲಾದರು. ಬೋಳುತಲೆಯ ಮೇಲೆ ಹೊಸ ಕೂದಲು ಬೆಳ್ಳಗೆ ಚಿಗುರಿತ್ತು.

"ಏನಾದ್ರೂ ಹೇಳ್ಬೇಕಾಗಿತ್ತಾಮ್ಮ?"

ಹೊರಗೆ ಮತ್ತೊಮ್ಮೆ ಹಾರನ್ನು ಆಯಿತು.

"ಏನಿಲ್ಲಮ್ಮ," ಎಂದಳು ಮೋನಿಷಾ. "ಮಲಕ್ಕೊಳ್ಳಿ." ಆಮೇಲೆ ಅವರ ಹೊದಿಕೆ ಸರಿಮಾಡಿ ದೀಪ ಆರಿಸಿದಳು. ಇವತ್ತಲ್ಲ, ನಾಳೆಯೂ ಅಲ್ಲ. ಅತ್ತೆಯ ಈ ಜೀವ ಇರುವ ತನಕ ಯಾರಿಗೂ ಹೇಳುವುದಿಲ್ಲ ಎಂದು ಕತ್ತಲಲ್ಲಿ ನಿಂತು ತೀರ್ಮಾನಿಸಿದಳು.